ಒಂದಕ್ಷರ ತಪ್ಪಿದರೆ

ಗಿಂಡಿ ಬಡಾವಣೆಯ ಲ್ಯಾಬಿನಲ್ಲಿ ಸಕ್ಕರೆ ಪರೀಕ್ಷೆಗೆ ಕಾಯುತ್ತಿದ್ದ ರಮಾಬಾಯಿಯ ಕಿವಿಗೆ, ಸುತ್ತಲಿನ ತಮಿಳಿನ ನಡುವೆ, ಪಕ್ಕದಿಂದ ಕನ್ನಡ ಬಿತ್ತು. ಬಸುರಿ ಹೆಂಡತಿ ಕೂತಿದ್ದಳು. ಗಂಡ ನಿಂತಲ್ಲಿ ನಿಲ್ಲದೆ ಓಡಾಡುತ್ತಿದ್ದ.

“ಕೂತ್ಕೊಳ್ರೀ, ನೋಡಿದ್ರೆ ನಂಗೇ ತಲೆ ತಿರುಗುತ್ತೆ.”

“ನೂರ ಇಪ್ಪತ್ತೊಂದನ್ನ ತಿರುಗಿಸಿ ಬರೆದ್ರೂ ಅದೇ ಅಲ್ವಾ ರಚನಾ? ಜೀನಲ್ಲೂ ಅಂಥದೊಂದು ಜಾಗ ಇದೆಯಂತೆ. ಒಂದೆಳೆಯ ಅಕ್ಷರಗಳನ್ನ ಈ ಕಡೆಯಿಂದ, ಅದರ ಜೋಡಿ ಎಳೆಯನ್ನ ಆ ಕಡೆಯಿಂದ ಓದಿದ್ರೆ ಒಂದೇ ಥರ ಬರುತ್ತೆ.”

“ಅದಕ್ಕೇನೀಗ?”

“ನಮ್ಮ ಮಗುವಿನ ಸ್ಯಾಂಪಲ್‌ಗೆ ಈ ಲ್ಯಾಬಿನವ್ರು ಹಾಕೋ ಎನ್ಜೈಮ್ ಅನ್ನೋ ರಸ ಅಲ್ಲೇ ಕತ್ತರಿಸೋದು. ಕತ್ತರಿಸಿದ್ರೆ ಮಗು ಚೆನ್ನಾಗಿದೆ ಅಂತ.”

“ಕತ್ತರಿಸದಿದ್ರೆ?”

“ಒಂದಕ್ಷರ ತಪ್ಪಿದೆ ಅಂತ. ಧನುಷ್‌ಗಿರೋ ರಕ್ತದ ಕಾಯಿಲೆ ಇದಕ್ಕೂ ಇದೆ ಅಂತ.”

“ತಪ್ಪು ಅನ್ಬೇಡಿ. ಆ ಅಕ್ಷರ ಇಟ್ಕೊಂಡೇ ನಮ್ಮ ಮಗ ಬೆಳಿಗ್ಗೆ ನಗ್ತಾ ಸ್ಕೂಲಿಗೆ ಹೋದ.”

ಅವನ ಓಡಾಟ ನಿಂತಿತು. ರಮಾಬಾಯಿ ಗೋಡೆಯ ಟಿವಿ ನೋಡುವವಳಂತೆ ಕೂತಳು.

“ರಚನಾ, ಉಳ್ಳೆ ವಾಂಗ,” ನರ್ಸ್ ಒಳಗೆ ಬರುವಂತೆ ತಮಿಳಿನಲ್ಲಿ ಕರೆದಳು.

ಆಗ ಅವನು ಕುರ್ಚಿಯ ಮೇಲೆ ಕೂತುಬಿಟ್ಟ. “ನೀನೊಬ್ಳೇ ಹೋಗ್ಬಾ ಕಣೆ.”

“ಏಳಿ, ನಾನಿದೀನಲ್ಲ.”

ಅವನ ಕೈಹಿಡಿದು ಎಬ್ಬಿಸಿಕೊಂಡು ಅವಳು ಒಳಗೆ ಹೋದಳು. ಮುಚ್ಚಿದ ಬಾಗಿಲಿನತ್ತ ರಮಾಬಾಯಿ ಕೈಮುಗಿದು, ಆ ಮಗುವಿಗಾಗಿ ರಾಯರನ್ನು ನೆನೆದಳು, ತಾನು ಕಂಡೇ ಇರದ ಧನುಷ್‌ನನ್ನೂ ಸೇರಿಸಿಕೊಂಡು.