ನೀವ್ಯಾರು ಅವರ ಪರ ಮಾತಾಡೋಕೆ?

ಅಕ್ಕನ ಶ್ರದ್ಧಾಂಜಲಿ ಸಭೆಗೆ ಬಂದಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಅವರ ತಾಯಿಗೆ, ತಂಗಿಗೆ, ಕಸ ಬೇರ್ಪಡಿಸುವ ಶೆಡ್ಡಿನಿಂದ ಕೆಲಸ ಬಿಟ್ಟು ಬಂದಿರುವ ಹೆಣ್ಣುಮಕ್ಕಳಿಗೆ — ಏನು ಹೇಳಿ ಸಮಾಧಾನ ಮಾಡಲಿ?

ಅಕ್ಕ ನಮ್ಮ ಸಂಸ್ಥೆಯ ಕಾರ್ಯದರ್ಶಿ. ಕಪ್ಪು ಕೋಟು ಒಂದು ದಿನವೂ ತೊಟ್ಟವರಲ್ಲ, ಆದರೂ ಎಲ್ಲರ ಬಾಯಲ್ಲೂ ವಕೀಲಕ್ಕ! ಶೆಡ್ಡು ಒಡೆಯುತ್ತೇವೆ ಎಂದು ನಗರಸಭೆ ಹೊರಟಾಗ ಇವರೆಲ್ಲರ ಪರವಾಗಿ ಓಡಾಡಿದವರು ಅವರೇ.

ಒಂದು ಸಭೆಯಲ್ಲಿ ಅಧಿಕಾರಿ ಕೇಳಿಯೇಬಿಟ್ಟರು — "ಮೇಡಂ, ನೀವ್ಯಾರು ಅವರ ಪರ ಮಾತಾಡೋಕೆ? ನಿಮಗೇನು ಅವರು ವೋಟು ಹಾಕಿದಾರಾ?"

ಅಕ್ಕ ಹೇಳಿದರು: "ಇಲ್ಲ ಸಾರ್, ಹಾಕಿಲ್ಲ. ನಿಮ್ಮ ಬಾಗಿಲು ನನಗೆ ತೆರೆಯುತ್ತೆ, ಅವರಿಗೆ ತೆರೆಯಲ್ಲ. ನನಗಿರೋ ಹಕ್ಕು ಅಷ್ಟೇ."

ಗೇಟಿನ ಹೊರಗೆ ಕಾಯುತ್ತಿದ್ದ ಶೆಡ್ಡಿನ ಹಿರಿಯಾಕೆ — ಇಗೋ, ಇಲ್ಲೇ ಕುಳಿತಿದ್ದಾರೆ — ಮುಖಕ್ಕೆ ಹೊಡೆದ ಹಾಗೆ ಅಂದರು: "ಅಕ್ಕಾ, ನೀವು ಮಾತಾಡಿ ಮಾತಾಡಿ ನಮ್ಮ ಬಾಯಿಗೇ ಬೀಗ ಬಿತ್ತು. ಇನ್ಮೇಲೆ ನಾವೇ ಹೋಗ್ತೀವಿ."

ಅಕ್ಕ ಖುಷಿಯಿಂದ ಒಪ್ಪಿದರು. ಮುಂದಿನ ಸಭೆಗೆ ಇವರೇ ಹೋದರು. ಕಾವಲುಗಾರ ತಡೆದ — "ಸಂಸ್ಥೆಯೋರು ಬಂದಿಲ್ವಾ? ಹಾಗಾದ್ರೆ ನಡೀರಿ, ನಡೀರಿ." ಒಳಗೆ ಸಭೆ ನಡೆಯಿತು. ಶೆಡ್ಡಿನ ಅರ್ಧ ಜಾಗ ಕೈಬಿಟ್ಟು ಹೋಯಿತು.

ಮರುದಿನ ಅದೇ ಹಿರಿಯಾಕೆ ನಮ್ಮ ಕಚೇರಿಯ ಹೊಸ್ತಿಲಲ್ಲಿ ನಿಂತು, "ಬನ್ನಿ ಅಕ್ಕಾ" ಎಂದರು. ಅಷ್ಟೇ. ಹಾಗೆ ಕರೆಯುವುದು ಅವರಿಗೂ ಬೇಕಿರಲಿಲ್ಲ. ಮತ್ತೆ ಹೋಗುವುದು ಅಕ್ಕನಿಗೂ ಬೇಕಿರಲಿಲ್ಲ.

ಆಮೇಲೆ ಅಕ್ಕ ನನ್ನನ್ನು ಕೇಳಿದರು — "ಹೋದ್ರೆ ಅವರ ಜಾಗದಲ್ಲಿ ನಾನು ಕೂತ ಹಾಗೆ. ಹೋಗದಿದ್ರೆ ಆ ಜಾಗಾನೇ ಇರಲ್ಲ. ಏನಪ್ಪಾ ಮಾಡ್ಲಿ?"



ಅಕ್ಕ ಹೋದರು. ಪ್ರತಿ ಸಲವೂ ಹೋದರು. ಮೊದಲು ಶೆಡ್ಡಿಗೆ ಬಂದು, "ಇವತ್ತು ಏನು ಹೇಳಲಿ?" ಎಂದು ಕೇಳಿಕೊಂಡು, ಅದನ್ನಷ್ಟೇ ಹೇಳಿ ಬರುತ್ತಿದ್ದರು. ಹಿರಿಯಾಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡರೂ ಅಧಿಕಾರಿ ಉತ್ತರ ಕೊಡುತ್ತಿದ್ದುದು ಅಕ್ಕನ ಮುಖ ನೋಡಿಯೇ. ಕಳೆದ ವಾರ, ಅದೇ ಕಚೇರಿಯ ಬೆಂಚಿನ ಮೇಲೆ ಕಾಯುತ್ತಾ ಕುಳಿತವರು ಎದೆ ಹಿಡಿದುಕೊಂಡರು — ಮತ್ತೆ ಏಳಲಿಲ್ಲ.

ನಿನ್ನೆ ನನಗೆ ನಗರಸಭೆಯಿಂದ ಫೋನು ಬಂತು: "ಇನ್ಮೇಲೆ ಸಭೆಗೆ ನೀವೇ ಬರ್ತೀರಲ್ಲ ಸಾರ್?" ಇನ್ನೂ ಉತ್ತರ ಕೊಟ್ಟಿಲ್ಲ.

ಶೆಡ್ಡಿನವರ ಪರವಾಗಿಯೂ ಎರಡು ಮಾತಾಡಿ ಎಂದು ಸಂಘಟಕರು ಹೇಳಿದ್ದಾರೆ. ಕ್ಷಮಿಸಿ — ಅದೊಂದು ನನ್ನಿಂದಾಗದು. ಅವರು ಇಲ್ಲೇ ಇದ್ದಾರೆ. ಅವರ ದುಃಖ ಅವರದೇ.

ಎಲ್ಲರೂ ಎದ್ದು ನಿಲ್ಲೋಣ. ಮೊದಲು ಅವರು ಏಳಲಿ. ಅವರ ಹಿಂದೆ ನಾವು — ಮೌನವಾಗಿ.