ಕಾರ್ತ್ಯಾಯನಿ ಚೇಚ್ಚಿಯ ಬಿತ್ತನೆ ಭತ್ತ

ಅಟ್ಟ ಎಲ್ಲಿಗೂ ಓಡೋಗಲ್ಲ ಕಾರ್ತ್ಯಾಯನಿ ಚೇಚ್ಚಿ, ಮೊದ್ಲು ಕೂತ್ಕಳಿ. ರಾತ್ರಿ ಮಳೆ ಬಿತ್ತು, ಬೆಳಿಗ್ಗೆನೇ ಬಿತ್ತನೆ ಭತ್ತ ಕೊಡು ಅಂತ ಬಂದ್ಬಿಟ್ರಿ... ನೆಲ ಒಂಚೂರು ನೀರು ಕುಡೀಲಿ. ನೀವೂ ಒಂದ್ಲೋಟ ಕಾಪಿ ಕುಡೀರಿ.

ಅಲ್ಲಾ, ಭತ್ತಾನೇ ಯಾಕೆ ಬೇಕು ಅಂತೀನಿ. ಊರೋರೆಲ್ಲ ಬಯಲಿಗೆ ನೇಂದ್ರಬಾಳೆ ಹಾಕಿ ಒಣಗಿಸ್ಕೊಂಡ್ರಲ್ಲ, ಒಂದೇ ಬೆಳೆ ನಂಬಿದ್ರೆ ಅದೇ ಗತಿ. ಇಗೋ, ರಾಗಿ ಕೊಡ್ತೀನಿ. ಸಾಮೆ ಕೊಡ್ತೀನಿ. ಹುರುಳಿ... ಹುರುಳಿಗೆ ಮಳೇನೇ ಬೇಡ, ಮೋಡದ ನೆರಳು ಸಾಕು. ಯಾಕೆ ನಗ್ತೀರಿ? ಶಿವನಂಜಪ್ಪ ಕೃಷಿಭವನದವ್ರಂಗೆ ಭಾಷಣ ಮಾಡ್ತಾನೆ ಅಂತಲಾ? ನಗಿ, ನಗಿ. ಕೂತ್ಕಂಡು ನಗಿ ಅಂದೆ, ಏಳಿ ಅನ್ನಲಿಲ್ಲ.

ಗೊತ್ತು ಚೇಚ್ಚಿ, ಗೊತ್ತು. ಎರಡು ವರ್ಷದ ಬರದಲ್ಲಿ ಈ ಬಯಲಲ್ಲಿ ತೆನೆ ಕಟ್ಟಿದ್ದು ನಿಮ್ಮ ತವರಿನ ಘಮದ ಭತ್ತ ಒಂದೇ. ಇನ್ಯಾರ ಮನೇಲೂ ಒಂದು ಕಾಳಿಲ್ಲ. ನಿಮ್ಮನೇಲಿ ಇಲಿ ಕಾಟ ಅಂತ ನಮ್ಮ ಅಟ್ಟಕ್ಕೆ ತಂದಿಟ್ರಿ. ನಮ್ಮನೇಲಿ ಇಲಿ ಇಲ್ಲ, ಅದು ಮಾತ್ರ ಸತ್ಯ.

ಅಯ್ಯೋ, ಏಣಿ ಹತ್ತಬೇಡಿ, ನಿಮ್ಮ ಮೊಣಕಾಲು... ಸರಿ, ಹತ್ತಿ. ನಾನು ಹಿಡ್ಕಂಡಿರ್ತೀನಿ. ಹತ್ತುತ್ತಾ ಕೇಳಿ, ಹೋದ ತಿಂಗಳು ನಮ್ಮ ಗೀತಾಂಜಲಿನ ನೋಡಕ್ಕೆ ಮೀನಂಗಡಿ ಊರಿಂದ ಗಂಡಿನ ಕಡೆಯವ್ರು ಬಂದಿದ್ರಲ್ಲ. ಪಾಯಸ ಅಂದ್ರೆ ಬೀದಿಗೆಲ್ಲ ಘಮ್ಮನ್ನಬೇಕು ಅಂದ್ಲು ನಮ್ಮವಳು. ಘಮ್ಮಂತು. ಬಂದೋರಿಗೆಲ್ಲ ಸಕ್ಕರೆ ಕಾಯಿಲೆ! ಒಬ್ರೂ ಬಾಯಿಗಿಡಲಿಲ್ಲ. ಉರುಳಿ ಪಾತ್ರೆ ತುಂಬ ಪಾಯಸ, ಮನೇಲಿ ನಾವು ಮೂರೇ ಜನ... ಯಾಕೆ ಹೇಳ್ದೆ ಅಂದ್ರೆ, ಸುಮ್ನೆ.

ಗಡಿಗೆ ಸಿಕ್ತಾ? ಹಗುರ ಅನ್ಸುತ್ತಾ? ಚೆನ್ನಾಗಿ ಒಣಗಿರೋ ಭತ್ತ ಹಗುರಾನೇ ಚೇಚ್ಚಿ. ಮುಚ್ಚಳ ತೆಗೀಬೇಡಿ, ಗಾಳಿ ಹೋಗುತ್ತೆ...

ತೆಗೆದ್ರಾ.

ಚೇಚ್ಚಿ? ಬೈಯಿರಿ. ಖಾಲಿ ಗಡಿಗೇನ ನನ್ನ ತಲೆ ಮೇಲೆ ಹಾಕಿ, ಏಣಿ ಬಿಟ್ಟು ಓಡಲ್ಲ ನಾನು.

ಬಾಗಿಲಲ್ಲಿ ನೀವು 'ವಿತ್ತು ಉಂಡೋ' ಅಂತ ಕೇಳಿದ್ರಿ. ನಾನು 'ಉಂಡು' ಅಂದೆ. ನಿಮ್ಮ ಮಲಯಾಳದಲ್ಲಿ ಅದು ಬಿತ್ತನೆ ಇದೆ ಅಂತ...

ನಾನು ಹೇಳಿದ್ದು ಕನ್ನಡದಲ್ಲಿ, ಚೇಚ್ಚಿ.