ಜಮೆಯಲ್ಲಿ ಉಳಿದ ಚಳಿಗಾಲ

ಅಕ್ಟೋಬರ್ ತಿಂಗಳು. ಇಂಗ್ಲೆಂಡಿನ ಗ್ರಿಮ್ಸ್‌ಬಿಯ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಎಪ್ಪತ್ತು ದಾಟಿದ ಗಂಡಹೆಂಡತಿ ಬಂದು ಕುಳಿತರು. ಹೆಂಡತಿಯ ಕೈಯಲ್ಲಿ, ಮನೆ ಬೆಚ್ಚಗಿಡುವ ಗ್ಯಾಸಿನ ಕಂಪನಿಯಿಂದ ಬಂದ ಕಾಗದವಿತ್ತು.

"ಕ್ಲಿಫ್, ನಾವು ಮುನ್ನೂರ ಹನ್ನೆರಡು ಪೌಂಡ್ ಜಾಸ್ತಿ ಕಟ್ಟಿದ್ದೀವಂತೆ. ಕೇಳಿದ್ರೆ ವಾಪಸ್ ಕೊಡ್ತಾರಂತೆ."

"ಇರ್ಲಿ ಬಿಡು, ಬೆರಿಲ್."

"ಯಾಕೆ ಬಿಡ್ಲಿ? ಅವರಪ್ಪನ ಮನೆ ದುಡ್ಡಾ? ಆದ್ರೆ ಮೊದ್ಲು ಮೀಟರ್ ಫೋಟೊ ಬೇಕಂತೆ. ನೀನು ಕಳಿಸಿದ ರೀಡಿಂಗ್ ಮೇಲೆ ಅವರಿಗೆ ನಂಬಿಕೆ ಇಲ್ಲ. ಕನ್ನಡಕ ಇಲ್ದೆ ಓದಿದ್ಯಾ?"

"ಸರಿಯಾಗೇ ಓದಿದ್ದೀನಿ."

"ಏನು ಸರಿ? ತಿಂಗಳು ತಿಂಗಳೂ ಒಂದೇ ಮೊತ್ತ ಕಟ್ಟಿದ್ದೀವಿ. ಜನವರಿ, ಫೆಬ್ರವರೀಲಿ ಗ್ಯಾಸ್ ಉರಿದೇ ಇಲ್ಲ ಅನ್ನೋ ಹಾಗಿದೆ ಇಲ್ಲಿ. ಆ ಚಳೀಲಿ?"

ಕ್ಲಿಫ್ ಕಿಟಕಿಯಾಚೆ ನೋಡತೊಡಗಿದರು.

"ಆವಾಗ ನೀನು ಆಸ್ಪತ್ರೇಲಿದ್ದೆಯಲ್ಲ."

"ನಾನಿದ್ದೆ. ನೀನು ಮನೇಲಿದ್ದೆ."

"ಒಬ್ಬನಿಗೋಸ್ಕರ ಇಡೀ ಮನೆ ಬೆಚ್ಚಗೆ ಮಾಡೋದಾ? ಕೋಟು ಹಾಕ್ಕೊಂಡು ಕೂತಿರ್ತಿದ್ದೆ."

"ದಿನಾ ಬಂದು, ಮನೆ ಬೆಚ್ಚಗಿದೆ, ಯೋಚನೆ ಮಾಡ್ಬೇಡ ಅಂತಿದ್ದೆ."

"ವಾರ್ಡ್ ಬೆಚ್ಚಗಿತ್ತು ಕಣೇ."

"ನರ್ಸ್ ಬಂದು ಟೈಮಾಯ್ತು ಅಂದ್ರೂ ನೀನು ಏಳ್ತಾ ಇರ್ಲಿಲ್ಲ. ಅದಕ್ಕೇನಾ?"

"ಅದಕ್ಕೂ ಹೌದು."

ಬೆರಿಲ್ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗೆ ತುರುಕಿದರು.

"ದುಡ್ಡು ಅಲ್ಲೇ ಇರ್ಲಿ. ಈ ಚಳಿಗಾಲ ಅಷ್ಟನ್ನೂ ಉರಿಸಿ ಮುಗಿಸ್ತೀನಿ."

"ಮುನ್ನೂರು ಪೌಂಡೂ?"

"ಮುನ್ನೂರ ಹನ್ನೆರಡು."

ಅವರ ನಿಲ್ದಾಣ ಬಂತು. ಗಂಡನ ತೋಳು ಹಿಡಿದು ಇಳಿಯುತ್ತಾ ಬೆರಿಲ್ ಹೇಳುತ್ತಿದ್ದದ್ದು ಬಾಗಿಲು ಮುಚ್ಚುವವರೆಗೂ ಕೇಳಿಸಿತು.

"ಇನ್ಮೇಲೆ ಮನೆಯೊಳಗೆ ಕೋಟು ಹಾಕ್ಕೊಂಡಿದ್ದು ಕಂಡ್ರೆ ನೋಡು ಮತ್ತೆ."